ತೊಡಕಿನ ದಿನ ಒಂದು ಸಾಲು

ಮುನಾವರ್ ಪಾಷಾ ಇಪ್ಪತ್ತರ ಹರೆಯದಲ್ಲಿ ಸ್ವಂತ ತಮ್ಮನ ಎರಡು ಬೆರಳು ಕತ್ತರಿಸಿದ. ಅವನ ಬಗ್ಗೆ ಬರೆಯುವಾಗ ಇದನ್ನು ಬಿಡುವಂತಿಲ್ಲ, ಏಕೆಂದರೆ ಅವನೇ ಬಿಡುತ್ತಿರಲಿಲ್ಲ. ಹೊಸ ಗಿರಾಕಿ ಯಾರಾದರೂ ಅಂಗಡಿಗೆ ಬಂದು, ಮಚ್ಚು ಹಿಡಿಯುವ ಕೈಯಲ್ಲಿ ಕ್ರೋಶಾ ಕಡ್ಡಿ ನೋಡಿ ನಕ್ಕರೆ, ಪಕ್ಕದಲ್ಲಿ ತಕ್ಕಡಿ ಹಿಡಿದು ನಿಂತ ಮುಜಾಮಿಲ್‌ನ ಬಲಗೈ ತೋರಿಸುತ್ತಿದ್ದ.

"ಅದು ಹೋಗಿದ್ದಕ್ಕೇ ಇದು ಬಂತು," ಅನ್ನುತ್ತಿದ್ದ.

ಹೊಸಕೋಟೆಯ ಹಳೇ ಪೇಟೆ ಬೀದಿಯಲ್ಲಿ ಅವರ ತಂದೆಯ ಕಾಲದಿಂದಲೂ ಇದ್ದ ಮಟನ್ ಅಂಗಡಿ ಅದು. ನಮ್ಮ ಮನೆ ಎದುರಿಗೆ. ಪಾಷಾ ಮತ್ತು ನಾನು ಒಂದೇ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಮುಂದೆ ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾದೆ, ಅವನು ತಂದೆಯ ಕೊರಡಿನ ಮುಂದೆ ನಿಂತ. ಆ ಕೊರಡು ಹುಣಸೇ ಮರದ್ದು, ಸೊಂಟದೆತ್ತರ, ನಡುವೆ ಕಡಿದು ಕಡಿದು ಬಟ್ಟಲಿನಂತೆ ತಗ್ಗಾಗಿತ್ತು. ತಂದೆ ತೀರಿಕೊಂಡ ಮೇಲೆ ಅದರ ಮುಂದೆ ಯಾರು ನಿಲ್ಲಬೇಕು ಎಂಬ ಮಾತಿಗೆ ಅಣ್ಣ ತಮ್ಮ ಜಗಳಕ್ಕೆ ಬಿದ್ದರು.

"ನಿಂಗೆ ಕುರಿ ಕುಯ್ಯಕ್ಕೆ ಬರುತ್ತೆ, ಕಡಿಯಕ್ಕೆ ಬರಲ್ಲ ಭಾಯ್," ಎಂದ ಮುಜಾಮಿಲ್. "ಈ ಕೊರಡು ನಂದು." ಅಂದವನೇ ಅದರ ಮೇಲೆ ಅಂಗೈ ಊರಿದ.

ಪಾಷಾ ಮಚ್ಚು ಬೀಸಿದ. ಹೆದರಿಸಲು ಬೀಸಿದೆ ಎಂದು ಅವನು ಒಮ್ಮೆಯೂ ಹೇಳಿಕೊಂಡದ್ದಿಲ್ಲ. ಕೂಗು ಕೇಳಿ ನಾನು ಓಡಿಹೋದಾಗ, ಕಿರುಬೆರಳೂ ಉಂಗುರ ಬೆರಳೂ ಕುರಿಯ ಮೂಳೆ ಚೂರುಗಳ ನಡುವೆ ಬಿದ್ದಿದ್ದವು. ಯಾವುದು ಯಾವುದೆಂದು ಹುಡುಕಬೇಕಾಯಿತು. ಆಸ್ಪತ್ರೆಯಲ್ಲಿ ಪೊಲೀಸರು ಕೇಳಿದರೆ ಮುಜಾಮಿಲ್, "ನನ್ನ ಕೈನೇ ಜಾರ್ತು ಸಾರ್," ಎಂದ.

ಪಾಷಾ ಜೈಲಿಗೆ ಹೋಗಲಿಲ್ಲ. ಅವನ ತಾಯಿ ಬಶೀರುನ್ನೀಸಾ ಕೊಟ್ಟದ್ದು ಬೇರೆ ಶಿಕ್ಷೆ. ಆಕೆ ನಮಾಜಿನ ಟೋಪಿಗಳನ್ನು ಕ್ರೋಶಾ ಹಾಕಿ ನೆಂಟರಿಷ್ಟರಿಗೆ ಹಂಚುತ್ತಿದ್ದವರು. ಮನೆಯೊಳಗೆ ಅವರದು ದಖ್ಖನಿ ಉರ್ದು. ನನಗೆ ಅರ್ಥವಾದಷ್ಟನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೈಗೆ ಬ್ಯಾಂಡೇಜು ಸುತ್ತಿಕೊಂಡು ಮಲಗಿದ್ದ ಮುಜಾಮಿಲ್‌ನ ಮಂಚದ ಕೆಳಗೆ ದೊಡ್ಡವನನ್ನು ಕೂರಿಸಿ, ಕಡ್ಡಿಯನ್ನು ಅವನ ಮುಷ್ಟಿಗೆ ತುರುಕಿದರು.

"ನಿನ್ನ ಕೈಗೆ ಕೆಲಸ ಸಾಲ್ತಾ ಇಲ್ಲ. ಇವನು ಎದ್ದು ಓಡಾಡೋವರೆಗೂ ಇಲ್ಲೇ ಕೂತು ಹಾಕು."

ಪಾಷಾ ನೂಲನ್ನು ಹರಿದು ಎಸೆದ. ತಾಯಿ ಗಂಟು ಹಾಕಿ ಮತ್ತೆ ಕೊಟ್ಟರು. ಅವನು ಗೋಡೆಗೆ ಗುದ್ದಿ ಬೆರಳ ಗೆಣ್ಣು ಒಡೆದುಕೊಂಡ. ಆಕೆ ಅರಿಶಿನ ಹಚ್ಚಿ ಮತ್ತೆ ಕಡ್ಡಿ ಕೊಟ್ಟರು. ಮುಜಾಮಿಲ್ ಮೇಲಿನಿಂದ ನೋಡುತ್ತ ಮಲಗಿದ್ದ. ಅವನ ಗಾಯ ಮಾಯುವ ಹೊತ್ತಿಗೆ ಒಂದು ಟೋಪಿ ಆಗಿತ್ತು, ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಕುಗ್ಗಿದ್ದು. ಮುಜಾಮಿಲ್ ಅದನ್ನೇ ಹಾಕಿಕೊಂಡು ಮೊದಲ ಶುಕ್ರವಾರದ ಜುಮ್ಮಾ ನಮಾಜಿಗೆ ಹೋದ. ಬೀದಿಯೆಲ್ಲ ನಕ್ಕಿತು. ಅವನು ತೆಗೆಯಲಿಲ್ಲ.

ಶಿಕ್ಷೆಯಾಗಿ ಹಿಡಿದದ್ದು ಪಾಷಾನಿಗೆ ಯಾವಾಗ ಹುಚ್ಚಾಯಿತೋ ನನಗೆ ಗೊತ್ತಿಲ್ಲ. ಸಿಟ್ಟು ಅವನನ್ನು ಬಿಟ್ಟು ಹೋಗಲಿಲ್ಲ, ಅದಂತೂ ನಿಜ. ಕುರಿ ಸಂತೆಯಲ್ಲಿ ಮೋಸ ಮಾಡಿದ ದಲ್ಲಾಳಿಯನ್ನು ಒಮ್ಮೆ ಕೊರಳಪಟ್ಟಿ ಹಿಡಿದು ಲಾರಿಯ ಚಕ್ರಕ್ಕೆ ಒತ್ತಿದ್ದನ್ನು ನಾನೇ ಕಂಡಿದ್ದೇನೆ. ಆ ಮನುಷ್ಯನ ಕಣ್ಣು ಹೊರಗೆ ಬಂದಿದ್ದವು. ಆಮೇಲೆ ಇವನು ಕೈ ಬಿಟ್ಟು, ಜೇಬಿನಿಂದ ಕಡ್ಡಿ ತೆಗೆದು, ಕುರಿಗಳ ನಡುವೆ ಕುಕ್ಕರುಗಾಲಿನಲ್ಲಿ ಕೂತ. ನಾಲ್ಕು ಸಾಲು ಮುಗಿಯುವವರೆಗೆ ಮೇಲೇಳಲಿಲ್ಲ. ದಲ್ಲಾಳಿ ಅಷ್ಟು ದೂರದಲ್ಲಿ ನಿಂತು ಕೆಮ್ಮುತ್ತಿದ್ದ.

ಆದರೆ ಹೊತ್ತೆಲ್ಲಿ? ಬೆಳಗಿನ ಜಾವ ಎದ್ದು ಕೊಯ್ಯಬೇಕು, ಸುಲಿಯಬೇಕು, ತೂಗುಹಾಕಬೇಕು, ಮಧ್ಯಾಹ್ನದವರೆಗೆ ಕಡಿಯಬೇಕು, ಆಮೇಲೆ ತೊಳೆಯಬೇಕು, ಸಂತೆಗೆ ಓಡಬೇಕು. ಅವನಿಗೆ ಬಿಡುವು ಕೊಟ್ಟದ್ದು ನಮ್ಮ ವಾರಗಳು. ಈ ಕಡೆ ಸೋಮವಾರ, ಶನಿವಾರ ಬಹಳ ಮನೆಗಳಲ್ಲಿ ಬಾಡು ಬೇಯಿಸುವುದಿಲ್ಲ. ಏಕಾದಶಿಗೆ ಇಲ್ಲ, ಶಿವರಾತ್ರಿಗೆ ಇಲ್ಲ. ಶ್ರಾವಣ ಹಿಡಿಯಿತೆಂದರೆ ತಿಂಗಳು ಪೂರ್ತಿ ಅಂಗಡಿಯಲ್ಲಿ ನೊಣ ಮಾತ್ರ. ಬೇರೆ ಕಸಾಯಿಗಳು ತಲೆ ಮೇಲೆ ಕೈ ಹೊತ್ತು ಕೂರುವ ಆ ದಿನಗಳಿಗೆ ಪಾಷಾ ಜೊಲ್ಲು ಸುರಿಸಿಕೊಂಡು ಕಾಯುತ್ತಿದ್ದ. ಆಷಾಢ ಅರ್ಧ ಕಳೆಯುವಷ್ಟರಲ್ಲೇ ಬೀದಿ ದಾಟಿ ಬರುತ್ತಿದ್ದ.

"ಲೇ ಸಂಜೀವ, ಪಂಚಾಂಗ ನೋಡೋ. ಈ ಸಲ ಶ್ರಾವಣ ಯಾವತ್ತು ಹಿಡಿಯುತ್ತೆ?"

"ಪೂಜಾರಪ್ಪಂಗೂ ಇಷ್ಟು ಆತುರ ಇಲ್ಲ ಸಂಜೀವಣ್ಣ," ಎಂದು ಅಂಗಡಿಯಿಂದಲೇ ಮುಜಾಮಿಲ್ ಕೂಗುತ್ತಿದ್ದ. "ಅಧಿಕ ಮಾಸ ಬಂದ್ರೆ ಇವನು ಮೆರವಣಿಗೆ ತೆಗೀತಾನೆ."

ಹೀಗೆ ನಮ್ಮ ಉಪವಾಸಗಳಲ್ಲಿ ಅವನ ಟೋಪಿಗಳು ಬೆಳೆದವು. ಟಿವಿಯ ಮೇಲೆ ಹೊದಿಸುವ ಜಾಲರಿ, ನಮ್ಮ ಬಾಗಿಲಿಗೆ ಉಲ್ಲನ್ ತೋರಣ, ನನ್ನ ಹೆಂಡತಿ ಪ್ರಮೋದಾಳ ಪೂಜೆಯ ಮಣೆಗೊಂದು ಹಾಸು. ಅವಳಿಗೂ ಕಲಿಸಿದ. ಅವಳದು ಸಡಿಲ ಕೈ, ಅವನದು ಬಿಗಿ. "ಅಕ್ಕ, ಇದು ಸೊಳ್ಳೆ ಪರದೆ ಆಯ್ತು," ಎಂದು ಹಂಗಿಸುತ್ತಿದ್ದ. ಅವನು ಹಾಕಿದ ಸಾಲಿನಲ್ಲಿ ಉಗುರು ತೂರುತ್ತಿರಲಿಲ್ಲ.

ಗಿರಾಕಿಗಳೂ ಅವನನ್ನು ಬಿಡುತ್ತಿರಲಿಲ್ಲ. ಚಳಿಗಾಲದ ಒಂದು ಬೆಳಿಗ್ಗೆ ಯಾರೋ, "ಏನ್ ಪಾಷಣ್ಣ, ಕುರಿಗೆ ಸ್ವೆಟರ್ ಹಾಕ್ತಿದೀಯಾ?" ಎಂದರು.

"ಹೂಂ ಕಣಪ್ಪ," ಎಂದ, ಕಡ್ಡಿಯಿಂದ ಕಣ್ಣೆತ್ತದೆ. "ಚರ್ಮ ಸುಲಿದ್ಬಿಟ್ಟೆ ನೋಡು, ಚಳಿ ಚಳಿ ಅಂತಾವೆ."

ಯುಗಾದಿಯ ಮಾರನೆಯ ದಿನ ತೊಡಕು. ವರ್ಷದಲ್ಲಿ ಅತಿ ಹೆಚ್ಚು ಕುರಿ ಬೀಳುವ ದಿನ ಅದು. ಬೆಳಕು ಹರಿಯುವ ಮೊದಲೇ ಸಾಲು ಬೀದಿಯ ತಿರುವಿನವರೆಗೆ ಬೆಳೆದಿರುತ್ತದೆ. ಒಮ್ಮೆ ಪಾಷಾ ಪ್ರಮೋದಾಳನ್ನು ಕೇಳಿದ, "ಅಕ್ಕ, ಇವತ್ತೊಂದಿನ ನಿಮ್ಮೋರಿಗೆ ಏನು ದೆವ್ವ ಹಿಡಿಯುತ್ತೆ?"

ಅವಳು ಹೇಳಿದಳು: ತೊಡಕಿನ ದಿನ ಏನು ಮಾಡಿದರೆ ವರ್ಷವೆಲ್ಲ ಅದೇ ನಡೆಯುತ್ತದೆ ಎಂಬ ನಂಬಿಕೆ. ಅವತ್ತು ಉಂಡವನು ವರ್ಷವೆಲ್ಲ ಉಣ್ಣುತ್ತಾನೆ, ಅತ್ತವನು ಅಳುತ್ತಾನೆ, ಬೈಸಿಕೊಂಡವನು ಬೈಸಿಕೊಳ್ಳುತ್ತಾನೆ. ಅದಕ್ಕೇ ಮಕ್ಕಳಿಗೂ ಅವತ್ತು ಹೊಡೆಯುವುದಿಲ್ಲ.

ಪಾಷಾ ಇದಕ್ಕೆ ನಗಲಿಲ್ಲ. ಮುಂದಿನ ತೊಡಕಿನ ದಿನ, ಗಿರಾಕಿಗಳು ಒಬ್ಬರ ಮೇಲೊಬ್ಬರು ಬೀಳುತ್ತಿದ್ದಾಗ, ಮಚ್ಚನ್ನು ಮೇಲೆತ್ತಿ ಕೊರಡಿಗೆ ಬಲವಾಗಿ ನಾಟಿಸಿದ. ಕೈ ಒರೆಸಿಕೊಂಡ. ಕಡ್ಡಿ ತೆಗೆದು, ನೇತುಹಾಕಿದ ಕುರಿಗಳ ನಡುವೆ ನಿಂತು ಒಂದು ಸಾಲು ಹಾಕಿದ. ಸಾಲಿನಲ್ಲಿದ್ದವರು ಬೊಬ್ಬೆ ಹೊಡೆದರು.

"ತಡ್ಕೊಳ್ರಪ್ಪ. ಇವತ್ತು ಇದಕ್ಕೆ ಹೊತ್ತು ಸಿಕ್ಕಿದ್ರೆ ವರ್ಷ ಪೂರ್ತಿ ಸಿಗುತ್ತೆ. ನಿಮ್ಮ ಶಾಸ್ತ್ರನೇ."

ಅಂದಿನಿಂದ ಪ್ರತಿ ತೊಡಕಿಗೂ ಒಂದು ಸಾಲು. ಮಚ್ಚು ಕೈಯಲ್ಲಿಲ್ಲದಾಗ ಅದನ್ನು ಗೋಡೆಯ ಪಟ್ಟಿಗೆ ಸಿಕ್ಕಿಸಬೇಕೆಂದು ಅವರ ತಂದೆ ಕಲಿಸಿದ್ದರು. ಪಾಷಾ ಹಾಗೆ ಮಾಡುತ್ತಿರಲಿಲ್ಲ, ಮಾಡಬೇಕಾದ ಅಗತ್ಯವೂ ಇರಲಿಲ್ಲ. ಅವನು ನಾಟಿಸಿದ ಮಚ್ಚನ್ನು ಅವನೇ ಕೀಳಬೇಕಿತ್ತು. ಗಟ್ಟಿ ಆಳುಗಳು ಎರಡು ಕೈ ಹಾಕಿ, ಕೊರಡಿಗೆ ಕಾಲು ಕೊಟ್ಟು ಎಳೆದು ಸೋತದ್ದನ್ನು ನೋಡಿದ್ದೇನೆ. ಅದೊಂದು ಪಂದ್ಯವೇ ಆಗಿಹೋಗಿತ್ತು.

ಹೋದ ವರ್ಷ ತೊಡಕು ರಂಜಾನಿನ ಕೊನೆಯ ಉಪವಾಸದ ದಿನ ಬಂತು. ಮಾರನೆಯ ದಿನ ಹಬ್ಬ. ಹಬ್ಬ ಕಳೆದ ಮೇಲೆ ಮುಜಾಮಿಲ್‌ನ ಮಗಳು ಫಿಝಾಳ ಮದುವೆ. ಅವಳಿಗೆಂದು ಪಾಷಾ ಬಿಳಿ ನೂಲಿನಲ್ಲಿ ಮಂಚದಗಲದ ಚಾದರ್ ಹಿಡಿದಿದ್ದ. ಎರಡು ಶ್ರಾವಣ ಅದಕ್ಕೇ ಹೋಗಿದ್ದವು. ಅಂಚು ಮಾತ್ರ ಬಾಕಿ. ತಮ್ಮನ ಕೈಗೆ ಮಾಡಿದ್ದಕ್ಕೆ ಇದು ಸಮ ಎಂದು ಅವನು ಎಂದೂ ಹೇಳಲಿಲ್ಲ, ಆದರೆ ಮುಜಾಮಿಲ್ ಅದರ ತುದಿಯನ್ನು ಎತ್ತಿ ನೋಡಿದಾಗಲೆಲ್ಲ ಪಾಷಾ ಬೇರೆ ಕಡೆ ನೋಡುತ್ತಿದ್ದ.

ಅವತ್ತು ಒಂಬತ್ತು ಗಂಟೆಯ ಬಿಸಿಲಿಗೇ ಬೀದಿ ಕಾದಿತ್ತು. ನಾನು ಚೀಲ ಹಿಡಿದು ಕೊರಡಿನ ಪಕ್ಕ ನಿಂತಿದ್ದೆ. ಅಣ್ಣ ತಮ್ಮ ಇಬ್ಬರೂ ನಡುರಾತ್ರಿಯಿಂದ ಕಡಿಯುತ್ತಿದ್ದವರು. ನಸುಕಿನ ಸಹರಿಯ ಊಟದ ಮೇಲೆ ಬಾಯಿಗೆ ಹನಿ ನೀರು ಹಾಕಿರಲಿಲ್ಲ. ಪಾಷಾನ ತುಟಿ ಬಿಳಿಚಿಕೊಂಡಿತ್ತು. ನೆಲವೆಲ್ಲ ರಕ್ತ, ಕಾಲಿಟ್ಟರೆ ಜಾರುತ್ತಿತ್ತು. ಒಳಗೆ ಗುಡ್ಡೆ ಬಾಡಿನ ಲೆಕ್ಕ ಬೇರೆ: ಊರವರು ಮೊದಲೇ ಹೇಳಿಟ್ಟ ಕುರಿಗಳನ್ನು ಕಡಿದು, ಬಾಳೆ ಎಲೆಯ ಮೇಲೆ ಮನೆಗೊಂದರಂತೆ ಗುಡ್ಡೆ ಹಾಕುವುದು. ಎಲ್ಲ ಗುಡ್ಡೆಗೂ ಮಾಂಸ, ಮೂಳೆ, ಲಿವರು ಸಮನಾಗಿ ಬೀಳಬೇಕು.

ಪಾಷಾ ಮಚ್ಚನ್ನು ಎತ್ತಿ ಕೊರಡಿಗೆ ನಾಟಿಸಿದ. ಸದ್ದು ಎಂದಿನಂತಿರಲಿಲ್ಲ, ಮೆತ್ತಗಿತ್ತು. ಅವನು ಕೈ ತೊಳೆದು, ಮೊಳೆಗೆ ನೇತುಹಾಕಿದ್ದ ಚೀಲದಿಂದ ಚಾದರ್ ಹೊರಗೆಳೆದು, ಭುಜದ ಮೇಲೆ ಹಾಕಿಕೊಂಡು, ಅಂಚಿನ ಸಾಲು ಹಿಡಿದ.

ಅಷ್ಟರಲ್ಲಿ ಅಶೋಕ್ ಎಂಬ ನಂದಗುಡಿ ಕಡೆಯ ಯುವಕ ತನ್ನ ಗುಡ್ಡೆಯನ್ನು ಕೆದಕಿ ನೋಡಿದ. ನಮ್ಮ ಬೀದಿಗೆ ಗೊತ್ತಿದ್ದವನೇ. ಹಿಂದಿನ ದಿನದ ಕುಡಿತ ಇಳಿದಿರಲಿಲ್ಲ.

"ಇದ್ರಾಗೆ ಲಿವರ್ ಎಲ್ಲಿ ಗುರು?"

"ಐತೆ ನೋಡಣ್ಣ, ಕೆಳಗೈತೆ," ಎಂದ ಮುಜಾಮಿಲ್.

"ನಿಮ್ಮ ಹಬ್ಬಕ್ಕೆ ಎತ್ತಿಟ್ಕೊಂಡಿದೀರ. ಗೊತ್ತಿಲ್ವಾ ನಂಗೆ?"

ಮುಜಾಮಿಲ್‌ಗೂ ಹಸಿವು, ಬಾಯಾರಿಕೆ. "ಕುಡಿದು ಕುಡಿದು ನಿಂದು ಹೋಗೈತಲ್ಲ, ಅದಕ್ಕೆ ಬೇರೆಯವ್ರ ಲಿವರ್ ಹುಡುಕ್ತಿದೀಯ," ಎಂದ.

ಸಾಲಿನಲ್ಲಿದ್ದವರು ಗೊಳ್ಳೆಂದು ನಕ್ಕರು. ಅಶೋಕ್ ಅವನ ಕೆನ್ನೆಗೆ ಬಾರಿಸಿದ. ಮುಜಾಮಿಲ್ ತಕ್ಕಡಿಯ ತೂಕದ ಬಟ್ಟಿನಿಂದ ಅವನ ಬಾಯಿಗೆ ಹೊಡೆದ. ಹಲ್ಲು ಮುರಿದ ಸದ್ದು ನನಗೆ ಕೇಳಿಸಿತು. ಅಶೋಕ್ ರಕ್ತ ಉಗಿದು, ಕೈ ಚಾಚಿ, ಕೊರಡಿನಲ್ಲಿದ್ದ ಮಚ್ಚನ್ನು ಎಳೆದ. ಒಂದೇ ಎಳೆತಕ್ಕೆ ಬಂತು. ಎಷ್ಟು ಸಲೀಸಾಗಿ ಬಂತೆಂದರೆ, ಅವನೇ ಒಂದು ಹೆಜ್ಜೆ ಹಿಂದಕ್ಕೆ ತೂರಾಡಿದ.

ಪಾಷಾ ನಡುವೆ ಬಂದ. ಮೊದಲ ಏಟಿಗೆ ಎಡಗೈ ಅಡ್ಡ ಕೊಟ್ಟ, ಅಂಗೈ ಎರಡಾಯಿತು. ಎರಡನೆಯದು ಕುತ್ತಿಗೆ ಭುಜ ಸೇರುವ ಕಡೆ, ಚಾದರ್‌ನ ಮೇಲೆಯೇ ಬಿತ್ತು. ಬಲಗೈಯಲ್ಲಿ ಕಡ್ಡಿ ಹಾಗೇ ಇತ್ತು. ಅಶೋಕ್‌ನ ಮುಖ ಅವನಿಂದ ಒಂದು ಮೊಳ ದೂರದಲ್ಲಿತ್ತು, ಉಕ್ಕಿನ ಕಡ್ಡಿಯ ತುದಿ ಅವನ ಕಣ್ಣಿನ ಮಟ್ಟದಲ್ಲಿತ್ತು. ಆ ಕೈ ಮುಂದಕ್ಕೆ ಹೋಗಲಿಲ್ಲ. ನಾನು ನೋಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಅವನು ಕುಸಿದ. ಮುಜಾಮಿಲ್ ಗೋಡೆಯಿಂದ ಇನ್ನೊಂದು ಕತ್ತಿ ಕಿತ್ತುಕೊಂಡು ಅಶೋಕ್‌ನ ಹಿಂದೆ ನುಗ್ಗಲು ಹೋದ. ನುಗ್ಗಲಾಗಲಿಲ್ಲ. ನೆಲದ ಮೇಲೆ ಬಿದ್ದ ಪಾಷಾ, ಸೀಳಿದ ಕೈಯಿಂದಲೇ ತಮ್ಮನ ಕಣಕಾಲು ಹಿಡಿದಿದ್ದ. ಮುಜಾಮಿಲ್ ಒದ್ದ. ಅಣ್ಣನ ಕೈಯೆಂದು ಗೊತ್ತಿದ್ದೂ ಒದ್ದ. ಹಿಡಿತ ಬಿಡಲಿಲ್ಲ. ಅವರಿಬ್ಬರನ್ನು ಬಿಡಿಸಲು ನನ್ನೊಂದಿಗೆ ಇನ್ನಿಬ್ಬರು ಬೇಕಾದರು.

ಹೊರಗೆ ಜನ ಅಶೋಕ್‌ನನ್ನು ಕೆಡವಿಕೊಂಡಿದ್ದರು. ಒಂದು ಕೈಯಲ್ಲಿ ಬಾಡಿನ ಚೀಲ ಹಿಡಿದು, ಅದು ನೆಲಕ್ಕೆ ತಾಗದಂತೆ ಮೇಲೆತ್ತಿಕೊಂಡು, ಇನ್ನೊಂದು ಕೈಯಿಂದ ಹೊಡೆಯುತ್ತಿದ್ದರು. ವರ್ಷದ ತೊಡಕಿನ ದಿನ.

ಬೆಂಗಳೂರಿನ ಆಸ್ಪತ್ರೆಗೆ ಸಾಗಿಸುವಾಗ ಕೆ.ಆರ್. ಪುರದ ಟ್ರಾಫಿಕ್ಕಿನಲ್ಲಿ ಅವನ ಉಸಿರು ನಿಂತಿತು. ನನ್ನ ತೊಡೆಯ ಮೇಲೆ ತಲೆ ಇತ್ತು. ಅದಕ್ಕೆ ಮೊದಲು ನೀರು ಕೊಡಲು ಹೋದೆ, ಬೇಡವೆಂದು ತುಟಿ ಬಿಗಿದ. ಉಪವಾಸ ಬಿಡುವ ಹೊತ್ತು ಇನ್ನೂ ದೂರವಿತ್ತು.

ಸಂಜೆ ಎಲ್ಲಿಂದಲೋ ಕೆಲವರು ಬಂದರು, ಎರಡೂ ಧರ್ಮದ ಕಡೆಯವರು, ಇದನ್ನು ಬೇರೇನೋ ಮಾಡಲು. ಬಶೀರುನ್ನೀಸಾ ಹೊಸಿಲ ಮೇಲೆ ನಿಂತು, "ಇಲ್ಲಿ ಸತ್ತಿರೋದು ನನ್ನ ಮಗ. ನಿಮ್ಮ ಮಗ ಸತ್ತಾಗ ನಿಮ್ಮನೇಲಿ ಮಾತಾಡಿ," ಎಂದು ಬಾಗಿಲು ಹಾಕಿದರು.

ಪೊಲೀಸರು ಮಚ್ಚನ್ನೂ ಬಟ್ಟೆಯನ್ನೂ ಒಯ್ದರು. ಚಾದರ್ ಪಾಷಾನ ಭುಜದಿಂದ ಜಾರಿ ಕೊರಡಿನ ಹಿಂದೆ ಬಿದ್ದಿತ್ತು. ಅಂಗಡಿ ತೊಳೆಯುವಾಗ ಪ್ರಮೋದಾಳಿಗೆ ಸಿಕ್ಕಿತು. ಪೊಲೀಸರಿಗೆ ತೋರಿಸಿದಳು, ಬೇಡವೆಂದರು. ತಣ್ಣೀರಿನಲ್ಲಿ ನೆನೆಸಿ ನೆನೆಸಿ ತೊಳೆದಳು. ಅಂಚಿನ ಕಡೆ ಕಂದು ಉಳಿಯಿತು, ಮಚ್ಚು ತಾಗಿದ ಕಡೆ ಸೀಳು ಉಳಿಯಿತು. ಫಿಝಾಳ ಮದುವೆ ತಡವಾಗಿ, ವಾಲಗವಿಲ್ಲದೆ ಆಯಿತು. ಚಾದರ್ ನಮ್ಮ ಮನೆಯ ಬೀರುವಿನಲ್ಲೇ ಇತ್ತು.

ಮಳೆಗಾಲ ಕಳೆದ ಮೇಲೆ ಅಶೋಕ್‌ಗೆ ಜಾಮೀನು ಸಿಕ್ಕಿತು. ಸೋಮವಾರ ಮಧ್ಯಾಹ್ನ ಮುಜಾಮಿಲ್ ನಮ್ಮ ಮನೆಗೆ ಬಂದ. ಪಂಚೆಯ ಸೊಂಟದಲ್ಲಿ ಕತ್ತಿ ಇತ್ತು, ಮುಚ್ಚುವ ಪ್ರಯತ್ನವನ್ನೂ ಮಾಡಿರಲಿಲ್ಲ.

"ಅಕ್ಕ, ಭಾಯ್‌ದು ಆ ಚಾದರ್ ಕೊಡಿ."

"ಯಾಕಪ್ಪ?"

"ಅವನ ಮುಖದ ಮೇಲೆ ಹಾಕಿ ಕಡೀತೀನಿ. ಭಾಯ್‌ನೂ ಅದ್ರ ಮೇಲೇ ಅಲ್ವಾ ಕಡಿದಿದ್ದು."

ಪ್ರಮೋದಾ ಒಳಗೆ ಹೋಗಿ ಚಾದರ್ ತಂದು ಅವನ ಮಡಿಲಿಗೆ ಹಾಕಿದಳು. "ತಗೊಂಡು ಹೋಗು. ತುದಿ ನೂಲು ಹಾಗೇ ಬಿಟ್ಟಿದೆ, ಗಂಟು ಹಾಕ್ಕೊಡ್ತೀನಿ ಇರು. ದಾರೀಲಿ ಬಿಚ್ಚಿಕೊಂಡುಬಿಡುತ್ತೆ."

"ಗಂಟೂ ಬೇಡ ಏನೂ ಬೇಡ," ಎಂದು ಅವನು ಆ ತುದಿಯನ್ನು ಹರಿಯಲು ಜಗ್ಗಿದ. ಅದು ಹರಿಯಲಿಲ್ಲ. ಬಿಚ್ಚಿಕೊಂಡಿತು. ಮತ್ತೆ ಜಗ್ಗಿದ. ಇನ್ನೊಂದಷ್ಟು ಬಂತು. ಹಲ್ಲು ಕಚ್ಚಿಕೊಂಡು, ಬೈಯುತ್ತ, ಅಶೋಕ್‌ನ ಅಮ್ಮನನ್ನೂ ಅವನ ಊರನ್ನೂ ಬೈಯುತ್ತ, ಉಳಿದ ಮೂರು ಬೆರಳಿನಿಂದ ಎಳೆದ. ರಕ್ತ ಕಟ್ಟಿದ್ದ ಕಡೆ ನೂಲು ತಡೆಯುತ್ತಿತ್ತು, ಅವನು ಎಳೆದಾಗ ಪಟಪಟನೆ ಬಿಡುತ್ತಿತ್ತು. ಕಂದು ನೂಲು ಬಂತು, ಆಮೇಲೆ ಬಿಳಿ. ನೆಲದ ಮೇಲೆ ರಾಶಿ ಬಿತ್ತು. ಒಂದು ಹಂತದಲ್ಲಿ ಅವನು ಬೈಯುವುದನ್ನು ನಿಲ್ಲಿಸಿ ಬರೀ ಅಳುತ್ತಿದ್ದ, ಕೈ ಮಾತ್ರ ನಿಲ್ಲಲಿಲ್ಲ.

ಸಂಜೆ ಅಜಾನ್ ಕೇಳಿದಾಗ ಎದ್ದ. ಕತ್ತಿಯನ್ನು ನಮ್ಮ ಮನೆಯಲ್ಲೇ ಬಿಟ್ಟು ಹೋದ. ಮುಂದಿನ ಸೋಮವಾರ ಬಂದು, ಕತ್ತಿ ಕೇಳದೆ, "ಚಾದರ್ ಐತಾ ಅಕ್ಕ?" ಎಂದ.

ಅಲ್ಲಿಂದ ಪ್ರತಿ ಸೋಮವಾರ ಬರುತ್ತಾನೆ. ಅವನು ಬಿಚ್ಚುತ್ತಾನೆ, ನಾನು ಉಂಡೆ ಸುತ್ತುತ್ತೇನೆ. ಕಡ್ಡಿ ಹಿಡಿಯಲು ಅವನ ಕೈಗೆ ಬಾರದು. ತಾಯಿ ಕಲಿಸಲು ನೋಡಿ ಸೋತರು. ಬಿಚ್ಚಲು ಮೂರು ಬೆರಳು ಸಾಕು. ಕಂದು ನೂಲನ್ನು ಬಶೀರುನ್ನೀಸಾ ಬೇರೆ ಉಂಡೆ ಮಾಡಿಸಿ ತೆಗೆದುಕೊಂಡು ಹೋದರು. ಎಲ್ಲಿಟ್ಟರೋ ಕೇಳಿಲ್ಲ.

ಶಿವರಾತ್ರಿಯ ಹೊತ್ತಿಗೆ ಚಾದರ್ ಮುಗಿಯುತ್ತ ಬಂತು. ಎರಡು ಶ್ರಾವಣ ಹಾಕಿದ್ದು ಎಷ್ಟು ಬೇಗ ಬಿಚ್ಚಿಹೋಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಬಿಚ್ಚಲು ಏನೂ ಇಲ್ಲದ ಸೋಮವಾರ ಬಂದರೆ ಅವನು ಎಲ್ಲಿಗೆ ಹೋಗುತ್ತಾನೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಪ್ರಮೋದಾ ಉಂಡೆಯ ನೂಲನ್ನು ತೆಗೆದುಕೊಂಡು, ವಾರದ ಉಳಿದ ದಿನಗಳಲ್ಲಿ, ಅನ್ನಕ್ಕಿಟ್ಟು ಸೀಟಿ ಕಾಯುವಾಗ, ಧಾರಾವಾಹಿಯ ನಡುವಿನ ಜಾಹೀರಾತಿನಲ್ಲಿ, ಅದೇ ಚಾದರ್‌ನ ತುದಿಗೆ ಹೊಸ ಸಾಲು ಸೇರಿಸತೊಡಗಿದಳು.

ಮುಜಾಮಿಲ್ ಅದನ್ನು ಕೈಗೆತ್ತಿಕೊಂಡ ಕೂಡಲೇ ಕಂಡುಹಿಡಿದ.

"ಇದು ಭಾಯ್ ಹಾಕಿದ್ದಲ್ಲ ಅಕ್ಕ. ಸಡಿಲ ಐತೆ."

"ನಾನು ಹಾಕಿದ್ದು. ಎಳಿ."

ಅವನು ತುದಿ ನೂಲನ್ನು ಬೆರಳಿಗೆ ಸುತ್ತಿಕೊಂಡ. ಆಮೇಲೆ ಎಳೆದ.

ಈ ಸಲ ಯುಗಾದಿ ಭಾನುವಾರ, ತೊಡಕು ಸೋಮವಾರ. ಚಂದ್ರ ಕಂಡರೆ ರಂಜಾನ್ ಹಬ್ಬವೂ ಅದೇ ದಿನ. ಸೋಮವಾರ ಬಾಡು ಮಾಡಬಹುದೇ ಎಂದು ಊರಲ್ಲೆಲ್ಲ ಚರ್ಚೆ ನಡೆದಿದೆ. ಅಶೋಕ್ ನಂದಗುಡಿ ಕಡೆಯ ತನ್ನ ಊರಿನಲ್ಲೇ ಇದ್ದಾನೆ. ಹಬ್ಬಕ್ಕೆ ಈ ಬೀದಿಗೇ ಬಂದು ಬಾಡು ಒಯ್ಯುತ್ತೇನೆಂದು ಯಾರೊಂದಿಗೋ ಅಂದನಂತೆ. ಆ ಮಾತು ಮುಜಾಮಿಲ್‌ನ ಕಿವಿಗೂ ಬಿದ್ದಿದೆ.

ಕಳೆದ ಸೋಮವಾರ ಅವನು ಹೊರಡುವಾಗ ಹೊಸಿಲ ಬಳಿ ನಿಂತ.

"ತೊಡಕಿನ ದಿನ ಅಂಗಡಿ ತೆಗೆಯಲ್ಲ ಸಂಜೀವಣ್ಣ. ಈದ್ಗಾದಿಂದ ಸೀದಾ ಇಲ್ಲಿಗೆ ಬರ್ತೀನಿ. ಇರ್ತೀರ ತಾನೇ?"

"ಇರ್ತೀವಿ ಕಣಪ್ಪ."

"ಅಕ್ಕಂಗೆ ಹೇಳಿ. ಅವತ್ತು ಬಿಚ್ಚಕ್ಕೆ ಜಾಸ್ತಿ ಬೇಕಾಗುತ್ತೆ."

ಪ್ರಮೋದಾ ಒಳಗಿನಿಂದ ಕೇಳಿಸಿಕೊಂಡಳು. ನಿನ್ನೆ ಪೇಟೆಗೆ ಹೋಗಿ ಅದೇ ಬಿಳಿಯ ಹೊಸ ನೂಲು ತಂದುಕೊಟ್ಟೆ. ಈಗ ಇದನ್ನು ಬರೆಯುವಾಗ ಅವಳು ಪಕ್ಕದಲ್ಲೇ ಕೂತು ಹಾಕುತ್ತಿದ್ದಾಳೆ. ಒಂದೊಂದು ಸಾಲು ಮುಗಿದಾಗಲೂ ಉಗುರು ತೂರಿಸಿ ನೋಡುತ್ತಾಳೆ. ತೂರಿದರೆ ಆ ಸಾಲನ್ನು ಬಿಚ್ಚಿ, ಇನ್ನೂ ಬಿಗಿಯಾಗಿ ಮತ್ತೆ ಹಾಕುತ್ತಾಳೆ.